ಮನೆ ಮುಂದಿನ ತಿಪ್ಪೆಯೂ ನನ್ನ ಹೈಜೀನೂ

ಬೋಧಿಸುವುದಕ್ಕೆ ಅತ್ಯಂತ ಸುಲಭವಾದ ವಿಷಯ ಯಾವುದು ಎಂದು ಕೇಳಿದರೆ ಹೈಜೀನ್ ಎಂದು ನಾನು ಕಣ್ಣು ಮುಚ್ಚಿಕೊಂಡು ಹೇಳುತ್ತೇನೆ. ಲೆಕ್ಕವಾದರೆ ಮೇಷ್ಟರು ಬೋರ್ಡಿನ ಮೇಲೆ ತಪ್ಪು ಮಾಡಿ ಸಿಕ್ಕಿಹಾಕಿಕೊಳ್ಳಬಹುದು. ಭೂಗೋಳವಾದರೆ ಯಾವುದೋ ನದಿ ಯಾವ ಬೆಟ್ಟದಲ್ಲಿ ಹುಟ್ಟುತ್ತದೆ ಎಂಬುದು ಸಮಯಕ್ಕೆ ನೆನಪಾಗದೆ ಸುಮ್ಮನೆ ಕೆಮ್ಮಬೇಕಾಗಬಹುದು. ಹೈಜೀನಿಗೆ ಆ ಅಪಾಯವೇ ಇಲ್ಲ. ಉಗುರು ಕತ್ತರಿಸಿಕೊಳ್ಳಿ, ಹಲ್ಲುಜ್ಜಿ, ಊಟಕ್ಕೆ ಮೊದಲು ಕೈ ತೊಳೆಯಿರಿ, ನೊಣ ಕೂತದ್ದನ್ನು ತಿನ್ನಬೇಡಿ ಎಂದು ಗಟ್ಟಿಯಾಗಿ ಹೇಳುತ್ತ ಹೋದರೆ ಸಾಕು. ಕೂಡದು ಎಂದು ಎದ್ದು ನಿಲ್ಲುವವರು ಲೋಕದಲ್ಲೇ ಇಲ್ಲ. ಮಳವಳ್ಳಿಯ ಸ್ಕೂಲಿನಲ್ಲಿ ಈ ಪಾಠ ಹೇಳುವಾಗ ನನ್ನ ಧ್ವನಿಗೆ ತಾನಾಗಿಯೇ ಒಂದು ಗತ್ತು ಬರುತ್ತದೆ. ಕಷ್ಟ ಶುರುವಾಗುವುದು ಅದೇ ಮಾತನ್ನು ರಜೆಯಲ್ಲಿ ಊರಿಗೆ ತೆಗೆದುಕೊಂಡು ಹೋದಾಗ. ಹನಕೆರೆ ಸ್ಟೇಷನ್ನಿನಲ್ಲಿ ರೈಲಿಳಿದು, ನಾಲೆಯ ಏರಿ ದಾಟಿ, ನಮ್ಮೂರು ಕಣ್ಣಿಗೆ ಬೀಳುವಷ್ಟರಲ್ಲಿ ಆ ಗತ್ತು ಅರ್ಧ ಇಳಿದಿರುತ್ತದೆ. ಮಿಕ್ಕ ಅರ್ಧವನ್ನು ಇಳಿಸುವುದಕ್ಕೆ ನಮ್ಮವ್ವ ಇದ್ದಾಳೆ.

ಮೈಸೂರಿನಲ್ಲಿ ಟ್ರೈನಿಂಗ್ ಮಾಡುವಾಗ ನಮಗೆ ಪಾಠ ಹೇಳುತ್ತಿದ್ದವರೊಬ್ಬರು, ಹೈಜೀನ್ ಎಂಬುದು ಗ್ರೀಕರ ಆರೋಗ್ಯದೇವತೆಯ ಹೆಸರಿನಿಂದ ಬಂದ ಮಾತು ಎಂದು ತಿಳಿಸಿದ್ದರು. ಹೊಸದಾಗಿ ಕಲಿತದ್ದನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವ ಅಭ್ಯಾಸ ನನಗಿಲ್ಲ. ಆ ಸಲ ಊರಿಗೆ ಬಂದವನೇ ರಾಗಿ ಬೀಸುತ್ತಿದ್ದ ಅವ್ವನ ಪಕ್ಕದಲ್ಲಿ ಕೂತು ವಿವರಿಸಿದೆ. ಅವ್ವ ಕಲ್ಲು ತಿರುಗಿಸುವುದನ್ನು ನಿಲ್ಲಿಸಿ, ಆ ಯಮ್ಮ ನಮ್ಮೂರ ಮಾರಮ್ಮನಿಗೆ ಏನಾಗಬೇಕು ಎಂದು ಕೇಳಿದಳು. ಏನೂ ಆಗಬೇಕಾಗಿಲ್ಲ, ದೂರದೇಶದವಳು ಎಂದೆ. ಎಡೆಗೆ ಏನಿಡುತ್ತಾರೆ, ಕೋಳಿಯೋ ಮೊಸರನ್ನವೋ ಎಂದಳು. ಸೋಪು ಮತ್ತು ನೀರು ಎಂದೆ. ಅವ್ವ, ಪಾಪ, ಉಪವಾಸದ ದೇವರು ಎಂದು ಮತ್ತೆ ಬೀಸತೊಡಗಿದಳು. ಅಂದಿನಿಂದ ನಮ್ಮ ಮನೆಯಲ್ಲಿ ಆಕೆ ಐಜೀನಮ್ಮನಾದಳು. ಮಾತು ಊರಿಗೂ ಹಬ್ಬಿತು. ನನ್ನ ತಮ್ಮ ಪುಟ್ಟನು ಎತ್ತುಗಳನ್ನು ನಾಲೆಯಲ್ಲಿ ತಿಕ್ಕಿ ತೊಳೆದುಕೊಂಡು ಬಂದರೆ ಐಜೀನು ಮಾಡಿಸಿಕೊಂಡು ಬಂದೆ ಎನ್ನುವನು. ಯಾರಾದರೂ ಕ್ಷೌರ ಮಾಡಿಸಿಕೊಂಡು ಎದುರಿಗೆ ಬಂದರೆ, ಏನು ಇವತ್ತು ಬಲು ಐಜೀನಾಗಿದ್ದೀಯ ಎಂದು ಕೇಳುವರು. ಪುಸ್ತಕದಲ್ಲಿ ಪುಟಗಟ್ಟಲೆ ಬರೆದಿರುವ ಅರ್ಥ ನಮ್ಮೂರಿನಲ್ಲಿ ಇಷ್ಟರಲ್ಲೇ ಮುಗಿದುಹೋಗುತ್ತಿತ್ತು.

ಹಾಗೆಂದು ನಮ್ಮವ್ವನಿಗೆ ಶುಚಿ ತಿಳಿಯದು ಎಂದು ಯಾರೂ ಭಾವಿಸಬಾರದು. ಹುಣಿಸೆಹಣ್ಣು ಬೂದಿ ಹಾಕಿ ಅವಳು ತಿಕ್ಕಿದ ಚೊಂಬಿನಲ್ಲಿ ಮುಖ ನೋಡಿಕೊಂಡು ತಲೆ ಬಾಚಬಹುದು. ಬೆಳಕು ಹರಿಯುವ ಮೊದಲೇ ಅಂಗಳ ಗುಡಿಸಿ ಸಗಣಿ ನೀರು ಚಿಮುಕಿಸಿ ರಂಗೋಲಿ ಎಳೆಯದೆ ಅವಳು ಒಲೆ ಹಚ್ಚಿದವಳಲ್ಲ. ಅವಳ ಮಾತಿನಲ್ಲಿ ಇದಕ್ಕೆಲ್ಲ ಚೊಕ್ಕಟ ಎಂದು ಹೆಸರು. ಅವಳ ಚೊಕ್ಕಟಕ್ಕೂ ನನ್ನ ಹೈಜೀನಿಗೂ ಮುಕ್ಕಾಲು ಪಾಲು ಹೊಂದಿಕೆಯಾಗುತ್ತಿತ್ತು. ಜಗಳ ಬರುತ್ತಿದ್ದದ್ದು ಸಗಣಿಯ ವಿಷಯದಲ್ಲಿ. ನನ್ನ ಪುಸ್ತಕದ ಪ್ರಕಾರ ಅದು ಎಲ್ಲಿದ್ದರೂ ಕೊಳಕೇ. ಅವ್ವನ ಪ್ರಕಾರ ಅಂಗಳಕ್ಕೆ ಹಾಕಿದರೆ ಅದು ಚೊಕ್ಕಟ, ಗೋಡೆಗೆ ತಟ್ಟಿದರೆ ಬೆರಣಿ, ತಿಪ್ಪೆಗೆ ಬಿದ್ದರೆ ಬದುಕು.

ತಿಪ್ಪೆ ಎಂದೆನಲ್ಲ, ಪಟ್ಟಣದಲ್ಲಿ ಬೆಳೆದವರಿಗೆ ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕಸ, ಗಂಜಳ ಹೀರಿದ ಹುಲ್ಲು, ಸಗಣಿ, ಒಲೆಯ ಬೂದಿ ಇವೆಲ್ಲ ವರ್ಷವಿಡೀ ಬಿದ್ದು ಗೊಬ್ಬರವಾಗುವ ರಾಶಿ ಅದು. ನಮ್ಮ ಕಡೆ ಅದು ಮನೆಯ ಮುಂದೆಯೇ ಇರುತ್ತದೆ. ಒಂದು ಮನೆಯ ಸ್ಥಿತಿಗತಿಯನ್ನು ಬಾಯಿಬಿಟ್ಟು ಕೇಳುವುದು ನಮ್ಮಲ್ಲಿ ಮರ್ಯಾದೆಯಲ್ಲ. ತಮ್ಮ ಸ್ಥಿತಿಗತಿಯನ್ನು ತಾವೇ ಹೇಳಿಕೊಳ್ಳುವುದಂತೂ ಇನ್ನೂ ಕೆಟ್ಟದ್ದು. ಅದಕ್ಕಾಗಿಯೇ ತಿಪ್ಪೆ ಇದೆ. ಅದರ ಎತ್ತರ ನೋಡಿದರೆ ಕೊಟ್ಟಿಗೆಯ ದನ ಎಷ್ಟೆಂದು ಗೊತ್ತಾಗುತ್ತದೆ, ಬಣ್ಣ ನೋಡಿದರೆ ಗದ್ದೆಯ ಬೆಳೆ ಹೇಗೆಂದು ಗೊತ್ತಾಗುತ್ತದೆ, ಅಂಚು ನೋಡಿದರೆ ಮನೆಯ ಹೆಂಗಸರ ಕೈ ಎಂಥದೆಂದು ಗೊತ್ತಾಗುತ್ತದೆ. ಹೆಣ್ಣು ಕೊಡುವವರು ಗಂಡಿನ ಮನೆ ನೋಡಲು ಬಂದಾಗ ಗಂಡನ್ನು ಆಮೇಲೆ ನೋಡುತ್ತಾರೆ, ತಿಪ್ಪೆಯನ್ನು ಮೊದಲು ನೋಡುತ್ತಾರೆ. ದೀಪಾವಳಿಯಲ್ಲಿ ಅವ್ವ ಹೊಸಿಲಿಗೊಂದು ದೀಪ ಇಟ್ಟರೆ ತಿಪ್ಪೆಯ ನೆತ್ತಿಗೂ ಒಂದು ಇಡುತ್ತಿದ್ದಳು. ನಮ್ಮಪ್ಪನ ತಿಪ್ಪೆಯಂತೂ ಸ್ಟೇಷನ್ನಿಗೆ ಹೋಗುವವರು ಒಂದು ಗಳಿಗೆ ನಿಂತು ನೋಡುವಂಥದು. ನಾನು ಮಲಗುವ ಕೋಣೆಯ ಕಿಟಕಿ ಸರಿಯಾಗಿ ಅದರ ಕಡೆಗೇ ಇತ್ತು. ಆ ಕಿಟಕಿಯಲ್ಲಿ ಬರುತ್ತಿದ್ದ ನೊಣಗಳ ಸಂಗತಿ ನಾನು ಹೇಳಿದರೆ ತಿಪ್ಪೆಯ ಹೆಗ್ಗಳಿಕೆ ಹೇಳಿಕೊಂಡಂತೆ ಆಗುತ್ತದೆ, ಬಿಡಿ.

ಯುದ್ಧದ ಕಾಲ. ಸಂಕ್ರಾಂತಿಯ ಹಿಂದೆಮುಂದೆ ಅಲ್ಲೊಂದು ಇಲ್ಲೊಂದು ಹಳ್ಳಿಯಲ್ಲಿ ವಾಂತಿಭೇದಿ ಕಾಣಿಸಿಕೊಂಡಿದ್ದರಿಂದ, ಊರಿಗೆ ಹೋಗುವ ಮೇಷ್ಟರುಗಳೆಲ್ಲ ತಮ್ಮ ತಮ್ಮ ಊರಿನಲ್ಲಿ ಹೈಜೀನಿನ ಬಗ್ಗೆ ನಾಲ್ಕು ಮಾತಾಡಬೇಕೆಂದು ನಮ್ಮ ಹೆಡ್‌ಮಾಸ್ಟರು ಹೇಳಿದರು. ನಾಲ್ಕು ಮಾತಿಗೆ ನಿಲ್ಲಿಸುವುದು ನನ್ನ ಜಾಯಮಾನವಲ್ಲ. ನಮ್ಮೂರ ಚಾವಡಿಯಲ್ಲಿ ಒಂದು ಮಧ್ಯಾಹ್ನ ಜನ ಸೇರಿಸಿ, ಎಲೆಯಡಿಕೆಯ ಮೊದಲ ಸುತ್ತು ಮುಗಿದು ಎರಡನೆಯದು ಮುಗಿಯುವವರೆಗೂ ಮಾತಾಡಿದೆ. ಮನೆಯ ಮುಂದೆ ತಿಪ್ಪೆ ಇಟ್ಟುಕೊಂಡವರು ಬಾಗಿಲಲ್ಲೇ ರೋಗಕ್ಕೆ ಚಾಪೆ ಹಾಸಿಕೊಟ್ಟಂತೆ ಎಂದಾಗ ನನ್ನ ಮಾತಿಗೆ ನಾನೇ ತಲೆದೂಗಿದೆ. ಎಲ್ಲರೂ ಬಹಳ ಮರ್ಯಾದೆಯಿಂದ ಕೇಳಿದರು. ಕೊನೆಗೆ ಹಿರಿಯರೊಬ್ಬರು, ಹಾಗಾದರೆ ಮೊದಲು ಯಾರ ಮನೆ ಮುಂದಿನದು ಎತ್ತಿಸಬೇಕು ಮೇಷ್ಟರೇ ಎಂದು ವಿನಯದಿಂದ ವಿಚಾರಿಸಿದರು. ಚಾವಡಿಗೆ ಚಾವಡಿಯೇ ನಕ್ಕಿತು. ಅದರಲ್ಲಿ ಕುಹಕವೇನೂ ಇರಲಿಲ್ಲ, ನಾನೂ ನಕ್ಕೆ. ಕಂಬಕ್ಕೊರಗಿ ಕೂತಿದ್ದ ನಮ್ಮಪ್ಪ ಮಾತ್ರ ನಗಲಿಲ್ಲ.

ಮುಂದಿನ ಸಲ ಊರಿಗೆ ಬಂದಾಗ ಮನೆಯ ಗುರುತೇ ಸಿಗದೆ ಎರಡು ಹೆಜ್ಜೆ ಮುಂದೆ ಹೋಗಿಬಿಟ್ಟಿದ್ದೆ. ತಿಪ್ಪೆ ಇರಲಿಲ್ಲ. ಅಪ್ಪ ಗಾಡಿ ಕಟ್ಟಿ, ಯುಗಾದಿ ಕಳೆದ ಮೇಲೆ ಹೊಡೆಯಬೇಕಾಗಿದ್ದ ಗೊಬ್ಬರವನ್ನೆಲ್ಲ ಈಗಲೇ ಹೊಡೆದು, ನಾಲೆಯ ಏರಿಯ ಪಕ್ಕ ನಮ್ಮ ಗದ್ದೆಯ ಮೂಲೆಯಲ್ಲಿ ಒಟ್ಟಿಬಿಟ್ಟಿದ್ದ. ಆ ಜಾಗವನ್ನು ಮಟ್ಟ ಮಾಡಿ ಸಾರಿಸಿ ರಂಗೋಲಿ ಹಾಕಿತ್ತು. ನನಗೆ ಆಕಾಶ ಮೂರೇ ಗೇಣು ಉಳಿಯಿತು. ಇಡೀ ಊರಿನಲ್ಲಿ ನನ್ನ ಉಪನ್ಯಾಸ ಹಿಡಿಸಿದ್ದು ಒಬ್ಬನಿಗೆ, ಆ ಒಬ್ಬ ನಮ್ಮಪ್ಪ! ನಾನು ಸಂತೋಷ ತಡೆಯಲಾರದೆ, ಹೈಜೀನಿನ ಮಹತ್ವ ನಿನಗಾದರೂ ತಿಳಿಯಿತಲ್ಲ ಎಂದೆ. ಅಪ್ಪ ಮೇವು ಹಾಕುತ್ತಿದ್ದವನು ತಲೆ ಎತ್ತದೆ ಹೇಳಿದ.

"ನಂಗೇನು ತಿಳೀತದೆ ಕಣಪ್ಪ. ಊರ ಮುಂದೆ ನಿಂತ್ಕಂಡು ಏಳ್ಬುಟ್ಟಲ್ಲ, ನಿನ್ ಮಾತು ಬೀಳ್ಬಾರ್ದು ಅಂತ ಎತ್ತಿಸ್ದೆ."

ಈ ಮಾತಿನ ತೂಕ ನನಗೆ ತಿಳಿದದ್ದು ಆಮೇಲೆ. ಆಗ ನಾನು ಮಳವಳ್ಳಿಗೆ ಹಿಂತಿರುಗಿ ಹೆಡ್‌ಮಾಸ್ಟರಿಗೆ ಹೇಗೆ ವರದಿ ಒಪ್ಪಿಸಬೇಕೆಂದು ವಾಕ್ಯ ಜೋಡಿಸುತ್ತಿದ್ದೆ. ಅವ್ವ ದಿನಾ ಬೆಳಿಗ್ಗೆ ಸಗಣಿ ಮಂಕರಿ ತಲೆಯ ಮೇಲಿಟ್ಟುಕೊಂಡು ಹೊರಬಂದು, ಹಳೆಯ ಜಾಗದ ಹತ್ತಿರ ಅಭ್ಯಾಸದಿಂದ ನಿಂತು, ಆಮೇಲೆ ನೆನಪಾಗಿ ಗದ್ದೆಯವರೆಗೂ ನಡೆಯುತ್ತಿದ್ದಳು. ಅದೂ ನನ್ನ ಕಣ್ಣಿಗೆ ಬೀಳಲಿಲ್ಲ.

ನಾನು ಮದುವೆಯಾಗಿ ಮಳವಳ್ಳಿಯಲ್ಲಿ ಸಂಸಾರ ಹೂಡಿದ್ದೆ; ಆಗ ಪುಟ್ಟನ ಮದುವೆಯ ಮಾತು ನಡೆಯುತ್ತಿತ್ತು. ನಾನು ಓದುತ್ತೇನೆಂದು ಮದ್ದೂರಿಗೆ ಹೋದಾಗ, ಅಲ್ಲಿಂದ ಮೈಸೂರಿಗೆ ಹೋದಾಗ, ನೇಗಿಲ ಹಿಂದೆ ನಿಂತವನು ಅವನು. ಹಬ್ಬಕ್ಕೆ ಬಟ್ಟೆ ತಂದರೂ ಅಣ್ಣನಿಗಾಯ್ತಾ ಎಂದು ಕೇಳಿ ಆಮೇಲೆ ಮುಟ್ಟುವ ಸ್ವಭಾವ. ಜನ್ಮದಲ್ಲಿ ಅವನು ಇದು ಬೇಕು ಎಂದು ಬಾಯಿಬಿಟ್ಟದ್ದು ಒಂದೇ ಸಲ. ಮಳವಳ್ಳಿಯ ಹತ್ತಿರದ ಹಳ್ಳಿಯೊಂದರಲ್ಲಿ ಮರೀಗೌಡರೆಂಬವರ ಮಗಳನ್ನು ನೋಡಿಕೊಂಡು ಇಬ್ಬರೂ ಮದ್ದೂರಿಗೆ ಬಸ್ಸಿನಲ್ಲಿ ಬರುತ್ತಿದ್ದೆವು. ಪೆಟ್ರೋಲಿಲ್ಲದೆ ಇದ್ದಿಲ ಹೊಗೆಯಲ್ಲಿ ಓಡುತ್ತಿದ್ದ ಬಸ್ಸು. ಏರು ಬಂದಾಗಲೆಲ್ಲ ನಿಂತು ಉಸಿರು ತೆಗೆದುಕೊಳ್ಳುತ್ತಿತ್ತು. ಅಂಥ ಒಂದು ಏರಿನಲ್ಲಿ ಪುಟ್ಟ ಹೊರಗೆ ನೋಡುತ್ತಲೇ, "ಆದ್ರೆ ಇದೇ ಆಗ್ಲಿ ಕಣಣ್ಣ. ಇಲ್ದಿದ್ರೆ ಬ್ಯಾಡ ಬುಡು" ಎಂದ. ಇನ್ನು ಉಳಿದಿದ್ದದ್ದು ಹೆಣ್ಣಿನ ಕಡೆಯವರು ನಮ್ಮ ಮನೆ ನೋಡಿ ಒಪ್ಪುವುದು.

ಆ ದಿನ ಬಂತು. ಪುಟ್ಟ ನುಣ್ಣಗೆ ಕ್ಷೌರ ಮಾಡಿಸಿಕೊಂಡು ಒಗೆದ ಅಂಗಿ ಹಾಕಿಕೊಂಡು ಬಲು ಐಜೀನಾಗಿದ್ದ. ಅವ್ವ ಹಿದುಕಿದ ಅವರೆಯ ಸಾರು, ಹೊಸ ಬೆಲ್ಲದ ಒಬ್ಬಟ್ಟು ಮಾಡಿದ್ದಳು. ನಾನು ಮದ್ದೂರು ಪೇಟೆಯ ಸಾಬರ ಅಂಗಡಿಯಲ್ಲಿ ಪರಿಚಯದ ಮೇಲೆ ಸಂಪಾದಿಸಿದ್ದ ಕೆಂಪು ಕಾರ್ಬಾಲಿಕ್ ಸೋಪನ್ನು ಬಚ್ಚಲಿನ ಹತ್ತಿರ ಎಲ್ಲರಿಗೂ ಕಾಣುವಂತೆ ಇಟ್ಟೆ. ಮರೀಗೌಡರು ಇಬ್ಬರು ಹಿರಿಯರೊಡನೆ ಬಂದರು. ಎತ್ತರದ ಆಳು, ಕೈಯಲ್ಲಿ ಬೆತ್ತ, ಮಾತು ಕಡಿಮೆ. ಬಂದವರು ಒಳಗೆ ಬರದೆ ಅಂಗಳದಲ್ಲೇ ನಿಂತು ಆ ಕಡೆ ನೋಡಿದರು, ಈ ಕಡೆ ನೋಡಿದರು, ಒಬ್ಬರ ಮುಖ ಒಬ್ಬರು ನೋಡಿಕೊಂಡರು. ದನಗಳು ಮೇಯಲು ಹೋಗಿದ್ದವು, ಕೊಟ್ಟಿಗೆಯೂ ಬರಿದಾಗಿತ್ತು. ಅವರು ನಮ್ಮ ಚೊಕ್ಕಟ ನೋಡಿ ಬೆರಗಾಗಿದ್ದಾರೆ ಎಂದು ನಾನು ತಿಳಿದೆ. ಒಳಗೆ ಕೂತು ಮಜ್ಜಿಗೆ ಕುಡಿದ ಮೇಲೆ ಮರೀಗೌಡರ ಕಣ್ಣು ಮತ್ತೆ ಬಾಗಿಲಾಚೆಗೆ ಹೋಯಿತು. ನಾನು ಹೆಮ್ಮೆಯಿಂದ, "ಹುಡುಕಬೇಡಿ ಗೌಡರೇ. ನಮ್ಮ ಮನೇಲಿ ತಿಪ್ಪೆ ಅನ್ನೋದೇ ಇಲ್ಲ" ಎಂದೆ. ಎಲೆಗೆ ಸುಣ್ಣ ಹಚ್ಚುತ್ತಿದ್ದ ಅಪ್ಪನ ಕೈ ನಿಂತಿತು.

ಮನೆ ನೋಡಲು ಬಂದವರು ಊಟ ಮಾಡಿದರೆ ಸಂಬಂಧ ಒಪ್ಪಿದಂತೆ, ಮಜ್ಜಿಗೆಗೇ ಎದ್ದರೆ ಒಲ್ಲೆವೆಂದಂತೆ. ಬಾಯಲ್ಲಿ ಇಲ್ಲ ಎಂದು ಯಾರೂ ಯಾರ ಮನಸ್ಸನ್ನೂ ನೋಯಿಸುವುದಿಲ್ಲ. ಪುಟ್ಟ ಹೆಗಲ ಮೇಲೆ ವಸ್ತ್ರ ಹಾಕಿಕೊಂಡು ಎರಡು ಕೈಯಲ್ಲೂ ಚೊಂಬು ಹಿಡಿದು, ಬಂದವರ ಕೈಗೆ ನೀರು ಬಿಡಲು ಬಾಗಿಲಲ್ಲಿ ನಿಂತ. ಅಪ್ಪ, ಕೈ ತೊಳ್ಕಳಿ ಎಂದು ಕರೆದ. ಮರೀಗೌಡರು ಏಳಲಿಲ್ಲ. ಹೊಟ್ಟೆ ಅಷ್ಟು ಸರಿಯಿಲ್ಲ ಎಂದರು. ಇನ್ನೊಬ್ಬರು ರೈಲಿನ ಹೊತ್ತಾಯಿತು ಎಂದರು. ರೈಲಿಗೆ ಬೇಕಾದಷ್ಟು ಹೊತ್ತಿತ್ತು. ನಾನಾದರೂ ಆಗ ತೆಪ್ಪಗಿರಬೇಕಾಗಿತ್ತು. ಹೊಟ್ಟೆ ಸರಿಯಿಲ್ಲ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಕೈ ತೊಳೆಯದೆ ಉಂಡರೆ ಉಗುರ ಸಂದಿಯಿಂದ ಕ್ರಿಮಿಗಳು ಹೊಟ್ಟೆಗೆ ಹೇಗೆ ಇಳಿಯುತ್ತವೆ ಎಂದು ಶುರುಮಾಡಿದೆ. ಸೋಪನ್ನು ತಂದು ತೋರಿಸಿದೆ. ಅವರು ತಾಳ್ಮೆಯಿಂದ ಕೇಳಿ, ಬೆತ್ತ ಹುಡುಕಿಕೊಂಡು ಎದ್ದರು. ಬಾಗಿಲಲ್ಲಿ ಪುಟ್ಟ ಇನ್ನೂ ಚೊಂಬು ಹಿಡಿದೇ ನಿಂತಿದ್ದ. ಅವನ ಮುಖ ನೋಡಿದಾಗ ಏನೋ ಕೆಟ್ಟುಹೋಯಿತು ಎಂದು ನನಗೆ ಮೊದಲ ಸಲ ಅನ್ನಿಸಿತು. ಏನು ಎಂಬುದು ಮಾತ್ರ ಹೊಳೆಯಲಿಲ್ಲ.

ನೆಂಟರನ್ನು ಸ್ಟೇಷನ್ನಿಗೆ ಬಿಟ್ಟುಬಾ ಎಂದು ಅಪ್ಪ ಸಣ್ಣ ದನಿಯಲ್ಲಿ ಹೇಳಿದ. ಚಪ್ಪಲಿ ಮೆಟ್ಟುತ್ತಿದ್ದ ನನ್ನನ್ನು ಅವ್ವ ಗೋಡೆಯ ಮರೆಗೆ ಎಳೆದಳು. ಊರ ದಾರಿ ಬೇಡ, ನಾಲೆಯ ಏರಿ ಹಿಡಿದು ಸುತ್ತಿಕೊಂಡು ಹೋಗು ಎಂದಳು. ಸಿಕ್ಕಿದ ಅವಕಾಶದಲ್ಲೆಲ್ಲ ಬುದ್ಧಿ ಹೇಳುವ ನಾನು ಅಲ್ಲೂ ಬಿಡಲಿಲ್ಲ.

"ಏರಿ ಪಕ್ಕ ತಿಪ್ಪೆ ಐತಲ್ಲವ್ವ, ನಾತ ಒಡೀತದೆ. ಬಂದವ್ರು ಏನಂದ್ಕತಾರೆ?"

"ನಾತ ಒಡೀಲಿ ಅಂತ್ಲೇ ಕಣ್ಲಾ ಏಳ್ತಿರೋದು. ನಿನ್ ಐಜೀನಮ್ಮನ್ನ ಒಂದ್ ಗಳ್ಗೆ ಅತ್ಲಾಗಿಡು. ಅವ್ರು ನಮ್ಮನೇಲಿ ದನಾನೇ ಇಲ್ಲ ಅಂದ್ಕಂಡವ್ರೆ."

ಆಗ ಹೊಳೆಯಿತು. ಸರಿಯಾಗಿ ಹೊಳೆಯಿತು. ಅಂಗಳದಲ್ಲಿ ಅವರು ಬೆರಗಾದದ್ದು, ಅಪ್ಪನ ಕೈ ನಿಂತದ್ದು, ಇಷ್ಟಾದರೂ ಅಪ್ಪ ನಮಗೆ ಇಷ್ಟು ದನವಿದೆ ಎಂದು ತಾನೇ ಹೇಳಿಕೊಳ್ಳಲಾರದೆ ಬಾಯಿ ಕಟ್ಟಿಕೊಂಡು ಕೂತದ್ದು, ಎಲ್ಲ ಒಂದರ ಹಿಂದೊಂದು ಕಣ್ಣಿಗೆ ಬಂತು. ತಿಪ್ಪೆಯ ಕೇಡುಗಳ ಬಗ್ಗೆ ಎರಡು ಸುತ್ತು ಎಲೆಯಡಿಕೆ ಮುಗಿಯುವಷ್ಟು ಮಾತಾಡಿದ್ದ ನಾನು, ನೆಂಟರನ್ನು ಕರೆದುಕೊಂಡು ತಿಪ್ಪೆ ತೋರಿಸಲು ಹೊರಟೆ. ಗಾಳಿ ನಮ್ಮ ಕಡೆಗೇ ಬೀಸಲಪ್ಪ ಎಂದು ದಾರಿಯುದ್ದಕ್ಕೂ ದೇವರನ್ನು ಬೇಡಿಕೊಂಡೆ. ಯಾವ ದೇವರನ್ನು ಎಂದು ಕೇಳಬೇಡಿ, ಐಜೀನಮ್ಮನನ್ನಂತೂ ಅಲ್ಲ.

ಗಾಳಿ ಬೀಸಿತು. ಮರೀಗೌಡರು ಮೂಗು ಮುಚ್ಚಿಕೊಳ್ಳಲಿಲ್ಲ, ಮೂಗೆತ್ತಿ ನೋಡಿದರು. ಗದ್ದೆಯ ಮೂಲೆಯಲ್ಲಿ ಕರ್ರಗೆ, ಅಂಚು ತೀಡಿ, ಆಳೆತ್ತರ ನಿಂತಿತ್ತು ಅದು. ಅವರು ಏರಿ ಇಳಿದು ಹೋಗಿ ಬೆತ್ತ ಚುಚ್ಚಿದರು. ಬೆತ್ತ ಹಿಡಿಯವರೆಗೂ ಇಳಿಯಿತು. ಬಗ್ಗಿ ಒಂದು ಹಿಡಿ ತೆಗೆದು ಅಂಗೈಯಲ್ಲಿ ಅದುಮಿ ನೋಡಿ, ಇದು ಯಾರದು ಎಂದು ಕೇಳಿದರು. ನಮ್ಮದೇ ಎಂದೆ. ನನಗೇ ಕೇಳಿಸದಷ್ಟು ಮೆಲ್ಲಗೆ ಹೇಳಿದೆನೋ ಏನೋ, ಮತ್ತೆ ಕೇಳಿದರು. ಆಗ ನನ್ನಲ್ಲಿ ಗತ್ತು ಎಂಬುದು ಒಂದು ಚೂರೂ ಉಳಿದಿರಲಿಲ್ಲ. ನಮ್ಮದೇ, ಮನೆ ಮುಂದಿತ್ತು, ನಾನು ಚಾವಡಿಯಲ್ಲಿ ತಿಪ್ಪೆ ಎತ್ತಿಸಿ ಎಂದು ಭಾಷಣ ಮಾಡಿದೆ, ಊರಿನವರು ನಕ್ಕರು, ನನ್ನ ಮಾತು ಬೀಳಬಾರದೆಂದು ನಮ್ಮಪ್ಪ ಒಬ್ಬನೇ ಇದನ್ನೆಲ್ಲ ಇಲ್ಲಿಗೆ ಹೊಡೆದ ಎಂದು ಒಪ್ಪಿಸಿದೆ. ನನ್ನ ತಮ್ಮ ಇದರಲ್ಲಿ ಏನೂ ಮಾಡಿಲ್ಲ ಎಂದೂ ಸೇರಿಸಿದೆ. ಮರೀಗೌಡರು ಚುಚ್ಚಿದ್ದ ಬೆತ್ತವನ್ನು ಮೆಲ್ಲಗೆ ಕಿತ್ತುಕೊಂಡರು.

"ಮಗನ್ ಮಾತ್ಗೆ ಇಷ್ಟು ಗೊಬ್ರ ಒತ್ತವ್ನಲ್ಲ," ಎಂದರು ತಮ್ಮ ಕಡೆಯವರ ಕಡೆ ತಿರುಗಿ, "ನಾಳೆ ಸೊಸೆ ಮಾತ್ಗೂ ಒಂದ್ ಬೆಲೆ ಇರ್ತದೆ ಕಣ್ರಪ್ಪ, ಆ ಮನೇಲಿ."

ಅವರ ಕೈಯೆಲ್ಲ ಗೊಬ್ಬರವಾಗಿತ್ತು. ನಾನು ನಾಲೆಯ ಮೆಟ್ಟಿಲ ಕಡೆ ದಾರಿ ತೋರಿಸಿದೆ. ಅವರು ಅಲ್ಲಾಡಲಿಲ್ಲ.

"ಇಲ್ಲಿ ಬ್ಯಾಡಿ ಮೇಷ್ಟ್ರೇ. ನಿಮ್ ತಮ್ಮ ಆಗ್ಲಿಂದ ಚೊಂಬಿಡ್ಕಂಡು ನಿಂತಿತ್ತು. ಅದೇ ನೀರು ಬುಡ್ಲಿ, ನಡೀರಿ."

ಹಾಗೆ ಆ ಕೈಯನ್ನು ಹಾಗೇ ಹಿಡಿದುಕೊಂಡು ಅವರು ಊರವರೆಗೂ ವಾಪಸು ನಡೆದರು. ಪುಟ್ಟ ನೀರು ಬಿಟ್ಟ; ಅರ್ಧ ಅವರ ಕೈಗೆ ಬಿತ್ತು, ಅರ್ಧ ಅವನ ಕಾಲಿಗೇ ಬಿತ್ತು. ಬುದ್ಧಿ ಬಂದಿದ್ದರೂ ಚಟ ಹೋಗಿರಲಿಲ್ಲ. ನಾನು ಸೋಪು ಮುಂದೆ ಹಿಡಿದೆ. ಮರೀಗೌಡರು ಅದನ್ನು ಮೂಸಿ ನೋಡಿ, ಇದು ಮೆತ್ತಿದರೆ ಒಬ್ಬಟ್ಟಿನ ರುಚಿ ಕೆಡುತ್ತದೆ ಎಂದು ವಾಪಸು ಕೊಟ್ಟರು. ಒಬ್ಬಟ್ಟು ಎಂಬ ಮಾತು ಕೇಳಿ ಒಳಗೆ ಅವ್ವ ಬಡಿಸಲು ಎಲೆ ಹಾಕಿದಳು. ಅಪ್ಪ ಎದ್ದು ಹಿತ್ತಿಲ ಕಡೆ ಹೋಗಿ ವಸ್ತ್ರದಲ್ಲಿ ಮುಖ ಒರಸಿಕೊಂಡು ಬಂದ.

ಮದುವೆಯಾಯಿತು. ಹೊಸ ಸೊಸೆ ಮೊದಲ ಬೆಳಿಗ್ಗೆ ಸಗಣಿ ಮಂಕರಿ ಹೊತ್ತು ಹೊರಗೆ ಬಂದು, ಎಲ್ಲಿ ಹಾಕಲಿ ಎನ್ನುವಂತೆ ಅತ್ತೆಯ ಮುಖ ನೋಡಿದಳು. ಅವ್ವ ನನ್ನ ಮುಖ ನೋಡಿದಳು. ನಾನು ಹಲ್ಲುಜ್ಜುತ್ತ ಆಕಾಶ ನೋಡಿದೆ. ಹುಡುಗಿ ಜಾಣೆ, ಹಳೆಯ ಜಾಗದಲ್ಲೇ ಸುರಿದಳು. ಈಗ ಅದು ನನ್ನ ಕಿಟಕಿಯ ಮಟ್ಟಕ್ಕೆ ಬಂದಿದೆ. ಕ್ಲಾಸಿನಲ್ಲಿ, ತಿಪ್ಪೆಗಳು ವಾಸದ ಮನೆಗಳಿಂದ ದೂರವಿರತಕ್ಕದ್ದು ಎಂಬ ವಾಕ್ಯ ಬಂದಾಗ ಸ್ವಲ್ಪ ಬೇಗ ಬೇಗ ಓದಿ ಮುಂದಕ್ಕೆ ಹೋಗುತ್ತೇನೆ.

ಇಷ್ಟಕ್ಕೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಕಳೆದ ತಿಂಗಳು ನನ್ನ ಹೆಂಡತಿಯ ತಂಗಿಗೆ ಕೊಕ್ಕರೆ ಬೆಳ್ಳೂರಿನಲ್ಲಿ ಒಂದು ಗಂಡು ಗೊತ್ತುಮಾಡಿದರು. ಮಾವನವರಿಗೆ ಕಾಲುನೋವಾದ್ದರಿಂದ ಮನೆ ನೋಡುವ ಕೆಲಸ ನನ್ನ ಪಾಲಿಗೆ ಬಂತು. ಹೆಂಡತಿ ಚೀಲದಲ್ಲಿ ಪಂಚೆ, ಟವಲು, ಕಾಗದ ಸುತ್ತಿದ ಹೊಸ ಸೋಪು ಇಟ್ಟು ಕಳಿಸಿದಳು. ಆ ಮನೆಯ ಮುಂದೆ ದೊಡ್ಡ ಹುಣಿಸೆಮರ, ಮರದ ತುಂಬ ಕೊಕ್ಕರೆಗಳ ಗೂಡು. ಕೊಡೆ ಬಿಚ್ಚದೆ ಅಂಗಳ ದಾಟುವಂತಿಲ್ಲ. ಸಂಜೆ ಮಳವಳ್ಳಿಯ ಮನೆಗೆ ಬಂದ ನನ್ನನ್ನು ಅವಳು ಮೊದಲು ಕೇಳಿದ್ದು, ಮನೆ ಹೇಗಿದೆ, ಚೊಕ್ಕಟವಾಗಿದೆಯೇ ಎಂದು. ಬಹಳ ಚೆನ್ನಾಗಿದೆ, ಎದೆಯುದ್ದ ಇದೆ, ಹಕ್ಕಿಯ ಹಿಕ್ಕೆಯೂ ಬೆರೆತಿರುವುದರಿಂದ ಒಳ್ಳೆ ಸಾರ, ಕೊಡೆ ಚುಚ್ಚಿದರೆ ಸಲೀಸಾಗಿ ಇಳಿಯಿತು, ಒಂದು ಹಿಡಿ ತೆಗೆದು ಅದುಮಿಯೂ ನೋಡಿದೆ ಎಂದು ನಾನು ಉತ್ಸಾಹದಿಂದ ಬಣ್ಣಿಸಿದೆ. ಹಾಗಾದರೆ ಊಟ ಮಾಡಿದಿರಾ ಎಂದಳು. ಎರಡು ಸಲ ಬಡಿಸಿಕೊಂಡೆ ಎಂದೆ. ಅವಳ ಮುಖ ಅರಳಿತು. ತಂಗಿಯ ಮದುವೆ ಗಟ್ಟಿಯಾಯಿತೆಂದು ಸಂಭ್ರಮದಿಂದಲೇ ನನ್ನ ಚೀಲ ಬಿಚ್ಚಿ ಬಟ್ಟೆ ತೆಗೆದಳು. ಕೊನೆಗೆ ಸೋಪು ಕೈಗೆ ಬಂತು. ಅದು ಬೆಳಿಗ್ಗೆ ಅವಳು ಸುತ್ತಿಟ್ಟಿದ್ದ ಕಾಗದದಲ್ಲಿ, ಹಾಕಿದ ಮಡಿಕೆಯೂ ಕದಲದೆ ಹಾಗೇ ಇತ್ತು.

ಅವಳು ಸೋಪನ್ನು ನೋಡಿದಳು, ಆಮೇಲೆ ನನ್ನ ಬಲಗೈಯನ್ನು ನೋಡಿದಳು. ನಾನು ಅದನ್ನು ಮೆಲ್ಲಗೆ ಬೆನ್ನ ಹಿಂದಕ್ಕೆ ತೆಗೆದುಕೊಂಡೆ. ಮರುದಿನ ಮೊದಲನೆಯ ಪಿರಿಯಡ್ಡೇ ಹೈಜೀನ್.